ಏಳು ರಾಜ್ಯಕ್ಕೆ ಒಂದೇ ದರ: ಇಫ್ ಬಿಟ್ಟು ಕೇಸ್ ಹಿಡಿದ ನನ್ನ ಅನುಭವ

ಹುಬ್ಬಳ್ಳಿಯ ಪಾರ್ಸೆಲ್ ಸಾಗಣೆ ಕಚೇರಿಯೊಂದರ ಬಿಲ್ಲಿಂಗ್ ಸ್ಕ್ರಿಪ್ಟನ್ನು ಬ್ಯಾಷ್ ಎಂಬ ಶೆಲ್‌ನಲ್ಲೇ (ಕಂಪ್ಯೂಟರಿಗೆ ಕೊಟ್ಟ ಆದೇಶಗಳನ್ನು ಸಾಲುಸಾಲಾಗಿ ನಡೆಸುವ ಪ್ರೋಗ್ರಾಂ) ಉಳಿಸಿಕೊಳ್ಳುತ್ತೇನೆ ಎಂದಾಗ ಜೊತೆಗಾರರು ಯಾರೂ ನಂಬಲಿಲ್ಲ. "ಇಷ್ಟೊಂದು ಷರತ್ತು ಶೆಲ್‌ಗೆ ಆಗದು ಸರ್, ಪೈಥಾನ್‌ಗೆ ಹೋಗಿ" ಎಂದರು. ಹೊಸದಾಗಿ ಬರೆದುಕೊಡಲು ಒಬ್ಬರು ಅರವತ್ತು ಸಾವಿರ ಕೇಳಿದರು. ಈಗ ಹದಿನಾಲ್ಕು ತಿಂಗಳಿಂದ ಅದೇ ಸ್ಕ್ರಿಪ್ಟ್ ದಿನಕ್ಕೆ ಹೆಚ್ಚುಕಡಿಮೆ ಒಂಬೈನೂರು ಬಿಲ್ ತೆಗೆಯುತ್ತಿದೆ, ದರದ ತಕರಾರು ಒಂದೂ ಬಂದಿಲ್ಲ.

ದರಗಳು ಎರಡೇ. ಕರ್ನಾಟಕಕ್ಕೂ ಅದರ ಗಡಿಗೆ ಹೊಂದಿದ ಆರು ರಾಜ್ಯಗಳಿಗೂ, ಅಂದರೆ ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿಯಾದ ರಾಜ್ಯದ ಕೋಡ್ 27, 29, 30, 32, 33, 36, 37ಕ್ಕೆ, ಕಿಲೋಗೆ ಸುಮಾರು 12 ರೂಪಾಯಿ; ಉಳಿದೆಡೆಗೆ 19.

ನಾನು ಮೊದಲು ಬರೆದ ಇಫ್‌ನಲ್ಲಿ (ಷರತ್ತು ನಿಜವೇ ಎಂದು ನೋಡುವ ಆದೇಶ) ಕೋಡ್ 29ಕ್ಕೆ ಸಮವೇ ಎಂದು ಕೇಳಿ, 'ಅಥವಾ' ಚಿಹ್ನೆಗಳ ಮುಂದೆ ಬರೀ 32, 33 ಎಂದು ಅಂಕಿಗಳನ್ನಷ್ಟೇ ಇಟ್ಟಿದ್ದೆ. ಚೌಕ ಆವರಣದೊಳಗೆ ಒಂಟಿಯಾಗಿ ನಿಂತ, ಖಾಲಿಯಲ್ಲದ ಯಾವ ಪದವನ್ನೂ ಶೆಲ್ ನಿಜವೆಂದೇ ಎಣಿಸುವುದರಿಂದ ದೆಹಲಿಯ ಪಾರ್ಸೆಲ್‌ಗೂ 12ರ ದರವೇ ಬಿತ್ತು. ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ನಲವತ್ತು ಸಾವಿರದಷ್ಟು ಕೈಬಿಟ್ಟಿತ್ತು. ಪ್ರತಿ ಅಂಕಿಗೂ ಪೂರ್ಣ ಹೋಲಿಕೆ ಬರೆದು ಅದನ್ನು ಸರಿಪಡಿಸಿದೆ. ಆಗ ವಿಂಡೋಸ್‌ನಿಂದ ಬಂದ ಫೈಲಿನ ಸಾಲಿನ ಕೊನೆಯಲ್ಲಿ ಕಾಣದಂತೆ ಕೂತಿದ್ದ ಕ್ಯಾರಿಯೇಜ್ ರಿಟರ್ನ್ ಎಂಬ ಸಾಲು ಮುಗಿಸುವ ಗುರುತು ಅಡ್ಡ ಬಂತು: ಕೋಡ್ ಕೊನೆಯ ಕಾಲಮ್ಮಿನಲ್ಲಿದ್ದುದರಿಂದ 29 ಕೂಡ 29ಕ್ಕೆ ಸಮವಾಗಲಿಲ್ಲ, ಧಾರವಾಡದ ಗಿರಾಕಿಗಳಿಗೆ 19ರ ಬಿಲ್ ಹೋಯಿತು.

ನಡುವೆ ಅಂಕಗಣಿತದ ಜೋಡಿ ಆವರಣವನ್ನೂ ಪ್ರಯತ್ನಿಸಿದೆ. ಸೊನ್ನೆಯಿಂದ ಶುರುವಾಗುವುದನ್ನು ಅದು 0ಯಿಂದ 7ರವರೆಗಿನ ಅಂಕಿಗಳಷ್ಟೇ ಇರುವ ಅಷ್ಟಮಾನ ಸಂಖ್ಯೆಯೆಂದು ಓದುವುದರಿಂದ ರಾಜಸ್ಥಾನದ 08, ಉತ್ತರ ಪ್ರದೇಶದ 09 ಬಂದಾಗಲೆಲ್ಲ ಲಾಗ್ ತುಂಬ ಎರರ್. ಕೋಡ್‌ಗೆ ದರ ಜೋಡಿಸಿಡುವ ಪಟ್ಟಿಯಾದ ಅಸೋಸಿಯೇಟಿವ್ ಅರೇ ಚೆನ್ನಾಗಿಯೇ ನಡೆಯಿತು, ಆದರೆ ಮಾಲೀಕರ ಮ್ಯಾಕ್‌ನಲ್ಲಿದ್ದುದು ಬ್ಯಾಷ್ 3.2, ಅದರಲ್ಲಿ ಆ ಸೌಲಭ್ಯವೇ ಇಲ್ಲ. ಪೂರ್ತಿ ಜಿಎಸ್‌ಟಿ ಸಂಖ್ಯೆಯ ಮೇಲೆ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಓಡಿಸುವಾಗ ಮೊದಲ ಸ್ಥಾನಕ್ಕೆ ಕಟ್ಟಿಹಾಕಲು ಮರೆತೆ. 09ರಿಂದ ಶುರುವಾದ ಸಂಖ್ಯೆಯ ಒಳಗಿದ್ದ ಪ್ಯಾನ್‌ನಲ್ಲಿ 33 ಸಿಕ್ಕಿ ಕಾನ್ಪುರ ತಮಿಳುನಾಡಾಯಿತು.

ಕೊನೆಗೆ ಕೋಡ್ ಕಾಲಮ್ಮನ್ನೇ ಕೈಬಿಟ್ಟು ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿ ಕತ್ತರಿಸಿಕೊಂಡೆ. ಅದರಲ್ಲಿ ಅಕ್ಷರಗಳೂ ಇರುವುದರಿಂದ ಎಕ್ಸೆಲ್ ಮುಂದಿನ ಸೊನ್ನೆಯನ್ನು ನುಂಗುವುದಿಲ್ಲ, ಸಾಲಿನ ಕೊನೆಯ ಕಸವೂ ತಾಗುವುದಿಲ್ಲ. ಆ ಎರಡು ಅಂಕಿಗಳನ್ನು ಕೇಸ್‌ಗೆ (ಒಂದು ಪದವನ್ನು ಪಟ್ಟಿಯ ಮಾದರಿಗಳೊಂದಿಗೆ ಹೋಲಿಸುವ ಆದೇಶ) ಕೊಟ್ಟು, ಏಳು ಕೋಡ್‌ಗಳನ್ನು ನಿಲುವುಗೆರೆಯಿಂದ ಜೋಡಿಸಿ ಒಂದೇ ಸಾಲಿನಲ್ಲಿ ಬರೆದೆ. ಕೇಸ್ ಇಡೀ ಪದವನ್ನೇ ಹೋಲಿಸುತ್ತದೆ, ಆದ್ದರಿಂದ ಅರ್ಧಂಬರ್ಧ ಹೊಂದಿಕೆಯ ಭಯವಿಲ್ಲ. ದೂರದ ರಾಜ್ಯಗಳ ಕೋಡ್‌ಗಳನ್ನೂ ಹೀಗೆಯೇ ಹೆಸರಿಸಿ ಬರೆದಿದ್ದೇನೆ. ಯಾವುದಕ್ಕೂ ಹೊಂದದ್ದು ಬೀಳುವ ನಕ್ಷತ್ರದ (*) ಸಾಲಿಗೆ ದರವನ್ನೇ ಕೊಟ್ಟಿಲ್ಲ, ಅಲ್ಲಿಗೆ ಬಿದ್ದದ್ದು ಬೇರೆ ಫೈಲಿಗೆ ಹೋಗುತ್ತದೆ. ಜಿಎಸ್‌ಟಿ ಇಲ್ಲದ ಗಿರಾಕಿಗಳನ್ನು ಹೇಗೆ ವಿಂಗಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ದುಡಿಮೆಯ ಗುಟ್ಟು.

ಮೊದಲ ವಾರ ಆ ಫೈಲಿಗೆ ಮೂವತ್ತೋ ನಲವತ್ತೋ ಸಾಲು ಬಿದ್ದವು. ಹೆಚ್ಚಿನವುಗಳಲ್ಲಿ 09ರ ಸೊನ್ನೆಯ ಬದಲು ಇಂಗ್ಲಿಷಿನ 'ಓ' ಅಕ್ಷರ ಒತ್ತಲಾಗಿತ್ತು. ಈಗ ಬುಕಿಂಗ್ ಗುಮಾಸ್ತರು ಸಂಜೆ ಐದಕ್ಕೆ ಮೊಟ್ಟಮೊದಲು ತೆರೆಯುವುದು ಅದೇ ಫೈಲನ್ನು.