ವೈರಸ್ ಎಲ್ಲಿ ನಕಲಾಗುತ್ತದೆ: ಹುಣಸೂರಿನ ಹೊಗೆಸೊಪ್ಪಿನಲ್ಲಿ ನಾನು ನೋಡಿದ್ದು

ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ವೈರಸ್ ಜೀವಕೋಶದೊಳಗೆ ಎಲ್ಲಿ ನಕಲಾಗುತ್ತದೆ ಅಂತ ಕೇಳಿದರೆ ಹೆಚ್ಚಿನ ಮಕ್ಕಳು ನ್ಯೂಕ್ಲಿಯಸ್ ಅನ್ನುತ್ತಾರೆ. ಡಿಎನ್‌ಎ ಅಲ್ಲೇ ಇರುವುದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ಡಿಎನ್‌ಎ ಬದಲು ಆರ್‌ಎನ್‌ಎಯಲ್ಲಿ ತಮ್ಮ ಮಾಹಿತಿ ಇಟ್ಟುಕೊಂಡಿರುವ ಆರ್‌ಎನ್‌ಎ ವೈರಸ್‌ಗಳಲ್ಲಿ ಹೆಚ್ಚಿನವಕ್ಕೆ ನ್ಯೂಕ್ಲಿಯಸ್ ಬೇಕೇ ಇಲ್ಲ. ಇದನ್ನು ಕಣ್ಣಿಗೆ ತೋರಿಸಲು ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು, ಒಂದು ಸಾಧಾರಣ ಮೈಕ್ರೋಸ್ಕೋಪ್ ಸಾಕು.

ಮುಂಗಾರಿನಲ್ಲಿ ಹೊಲ ಸುತ್ತಿದರೆ ತಿಳಿ ಹಸಿರು, ಕಡು ಹಸಿರು ತೇಪೆ ಬಿದ್ದ ಎಲೆ ಸಿಗುತ್ತವೆ. ಮೊಸಾಯಿಕ್ ರೋಗ. ಹಳೇ ಎಲೆ ಬೇಡ, ಸುಳಿ ಹತ್ತಿರದ್ದು ತರಬೇಕು. ಚೆನ್ನಾಗಿರುವ ಗಿಡದ ಎಲೆಯೂ ಜೊತೆಗಿರಲಿ. ಹೋಲಿಸಿ ನೋಡದಿದ್ದರೆ ಕಂಡದ್ದು ವೈರಸ್‌ನದೋ ಗಿಡದ್ದೋ ಗೊತ್ತಾಗುವುದಿಲ್ಲ.

ಎಲೆಯ ಕೆಳಗೆ, ನರದ ಮೇಲಿನ ಸಿಪ್ಪೆಯನ್ನು ಚಿಮಟದಿಂದ ಸುಲಿಯುತ್ತೇನೆ. ಅದರಲ್ಲಿ ಉದ್ದುದ್ದ ಕೂದಲು ಇರುತ್ತವೆ. ಮೊದಲು ಬಣ್ಣ ಹಾಕದೆ ನೀರಲ್ಲೇ ನೋಡಿ. ಕೂದಲಿನ ಕೋಶದಲ್ಲಿ ಸೈಟೋಪ್ಲಾಸಂ, ಅಂದರೆ ನ್ಯೂಕ್ಲಿಯಸ್‌ನ ಹೊರಗಿನ ದ್ರವ, ಹರಿಯುವುದು ಕಾಣುತ್ತದೆ, ಅದರ ನಡುವೆ ಷಟ್ಕೋನದ ತೆಳು ಹರಳುಗಳು. ಹರಳು ಕಂಡರೆ ಇದು ಟೊಬ್ಯಾಕೊ ಮೊಸಾಯಿಕ್ ವೈರಸ್ ಎಂಬ ಆರ್‌ಎನ್‌ಎ ವೈರಸ್ ಅನ್ನುವ ನಂಬಿಕೆ ಗಟ್ಟಿಯಾಗುತ್ತದೆ. 300 ನ್ಯಾನೊಮೀಟರ್ ಉದ್ದದ ವೈರಸ್ ಕಡ್ಡಿಗಳು ಸಾಲಾಗಿ ಜೋಡಿಸಿಕೊಂಡು ಆದದ್ದು ಅದು. ತುಂಬಾ ನಾಜೂಕು, ಕವರ್‌ಸ್ಲಿಪ್ ಒತ್ತಬೇಡಿ.

ಆಮೇಲೆ ಬಣ್ಣ. ಸಿಪ್ಪೆಯನ್ನು ಟ್ರೈಟಾನ್ ಎಂಬ ಮಾರ್ಜಕದ ದ್ರಾವಣದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹಸಿರು ಕಣಗಳು ಹೋಗುತ್ತವೆ. ನಂತರ ಅಜ್ಯೂರ್ ಎ ಅನ್ನುವ ಬಣ್ಣ. ಇದನ್ನು ಮೆಥಾಕ್ಸಿ ಎಥನಾಲ್‌ನಲ್ಲಿ ಕರಗಿಸಿ, ಸೋಡಿಯಂ ಫಾಸ್ಫೇಟ್ ಬೆರೆಸಿಕೊಳ್ಳಬೇಕು. ಮೆಥಾಕ್ಸಿ ಎಥನಾಲ್ ಆವಿ ಒಳ್ಳೆಯದಲ್ಲ, ಕೈಗವಸು ಹಾಕಿ ಫ್ಯೂಮ್ ಹುಡ್‌ನಲ್ಲೇ ಮಾಡಿ. ಹತ್ತು ಹದಿನೈದು ನಿಮಿಷ ಬಿಟ್ಟು ಆಲ್ಕೋಹಾಲ್‌ನಲ್ಲಿ ತೊಳೆದರೆ ಆಯಿತು.

ಈಗ ಒಂದೇ ಕೋಶದ ಮೇಲೆ ಫೋಕಸ್ ನಿಲ್ಲಿಸಿ. ನ್ಯೂಕ್ಲಿಯಸ್ ನೀಲಿಯಾಗಿರುತ್ತದೆ. ಅದರ ಆಚೆ, ಸೈಟೋಪ್ಲಾಸಂನಲ್ಲಿ, ಕೆಂಪು ಬೆರೆತ ನೇರಳೆ ಬಣ್ಣದ ಮುದ್ದೆ, ಅಂದರೆ ಅಲ್ಲಿ ಆರ್‌ಎನ್‌ಎ ಗುಡ್ಡೆಯಾಗಿದೆ. ಕೆಲವೊಮ್ಮೆ ನ್ಯೂಕ್ಲಿಯಸ್‌ಗೆ ಅಂಟಿಕೊಂಡಂತೆಯೇ ಇರುತ್ತದೆ, ಆದರೆ ಹೊರಗೇ. ಆರೋಗ್ಯದ ಎಲೆಯಲ್ಲಿ ನೀಲಿ ಮಾತ್ರ. ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಇಷ್ಟದ ಗಳಿಗೆ ಇದು. ಈ ಮುದ್ದೆಗೆ ಹಳಬರು ಎಕ್ಸ್ ಬಾಡಿ ಅಂತ ಹೆಸರಿಟ್ಟಿದ್ದರು. ವೈರಸ್‌ನ ನಕಲು ಮಾಡುವ ಪ್ರೋಟೀನ್ ಇದರಲ್ಲಿ ತುಂಬಿಕೊಂಡಿರುತ್ತದೆ.

ಆ ಪ್ರೋಟೀನ್ ಯಾಕೆ ಬೇಕು? ಆರ್‌ಎನ್‌ಎ ನೋಡಿ ಉದ್ದದ ಆರ್‌ಎನ್‌ಎ ಬರೆಯಲು ವೈರಸ್‌ಗೆ ತನ್ನದೇ ಕಿಣ್ವ ಇರಬೇಕು. ಸುಮಾರು 6,400 ಅಕ್ಷರಗಳ ಈ ಆರ್‌ಎನ್‌ಎ ಕೋಶದೊಳಗೆ ಬಂದ ಕೂಡಲೇ ಪ್ರೋಟೀನ್ ತಯಾರಿಸುವ ಗಿಡದ ರೈಬೋಸೋಮ್‌ಗಳು ಅದನ್ನು ಓದಿ ಆ ಕಿಣ್ವ ಮಾಡಿಕೊಡುತ್ತವೆ. ನಕಲಿನ ಕೆಲಸ ನಡೆಯುವುದು ಸೈಟೋಪ್ಲಾಸಂನಲ್ಲಿ ಬಲೆಯಂತೆ ಹರಡಿರುವ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಂ ಪೊರೆಗಳ ಮೇಲೆ. ಪೊರೆಯ ಮರೆ ಅಂದರೆ ರಕ್ಷಣೆ. ನಕಲಾಗುವಾಗ ಹುಟ್ಟುವ ಎರಡೆಳೆಯ ಆರ್‌ಎನ್‌ಎ ಬಯಲಿಗೆ ಬಿದ್ದರೆ ಕೋಶದ ಕಾವಲು ವ್ಯವಸ್ಥೆ ಎಚ್ಚರವಾಗುತ್ತದೆ ಅಲ್ವಾ.

ಡೆಂಗಿ ವೈರಸ್ ಕೂಡ ಇದೇ ರೆಟಿಕ್ಯುಲಂ ಪೊರೆಯನ್ನು ಒಳಕ್ಕೆ ಚೀಲದಂತೆ ಮಡಚಿಕೊಳ್ಳುತ್ತದೆ. ಕೊರೊನಾ ಎರಡು ಪೊರೆಯ ಪುಟ್ಟ ಚೀಲ ಕಟ್ಟುತ್ತದೆ. ಟರ್ನಿಪ್ ಯೆಲ್ಲೋ ಮೊಸಾಯಿಕ್ ವೈರಸ್ ಕ್ಲೋರೋಪ್ಲಾಸ್ಟ್‌ನ ಹೊರಪೊರೆಯನ್ನೇ ಹಿಡಿಯುತ್ತದೆ. ಆದರೆ ಇನ್‌ಫ್ಲುಯೆಂಜಾ ನ್ಯೂಕ್ಲಿಯಸ್‌ಗೆ ಹೋಗುತ್ತದೆ, ಯಾಕಂದರೆ ಆತಿಥೇಯನ ಹೊಸ ಆರ್‌ಎನ್‌ಎಗಳ ತಲೆಯ ತುಂಡು ಕತ್ತರಿಸಿ ತನ್ನ ಎಂಆರ್‌ಎನ್‌ಎಗೆ (ಪ್ರೋಟೀನ್ ಮಾಡಲು ಓದುವ ಆರ್‌ಎನ್‌ಎಗೆ) ಸೇರಿಸಿಕೊಳ್ಳಬೇಕು. ಅದು ಸಿಗುವುದು ಅಲ್ಲೇ.

ಒಂದು ಮಾತು. ಅಜ್ಯೂರ್ ತೋರಿಸುವುದು ಆರ್‌ಎನ್‌ಎ ಎಲ್ಲಿ ಗುಡ್ಡೆಯಾಗಿದೆ ಅನ್ನುವುದನ್ನು ಮಾತ್ರ. ನಕಲಾಗುತ್ತಿರುವ ಜಾಗವನ್ನೇ ಹಿಡಿಯಲು ಎರಡೆಳೆಯ ಆರ್‌ಎನ್‌ಎಗೆ ಅಂಟುವ ಪ್ರತಿಕಾಯ (ಆಂಟಿಬಾಡಿ), ಹೊಳೆಯುವ ಗುರುತು ತೋರಿಸುವ ಫ್ಲೋರೊಸೆನ್ಸ್ ಮೈಕ್ರೋಸ್ಕೋಪ್ ಬೇಕು. ಇನ್ನು ಎಲೆ ಮುಟ್ಟಿದ ಕೈಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಈ ವೈರಸ್ ಕೈಯಿಂದಲೇ ಟೊಮೆಟೊ, ಮೆಣಸಿನ ಗಿಡಕ್ಕೂ ಹರಡುತ್ತದೆ.