ಮನೆಯ ಕಂಪ್ಯೂಟರಿನ ಫೈರ್‌ವಾಲ್: ಕೊಳ್ಳುವ ಮೊದಲು ಇರುವುದನ್ನು ಪರೀಕ್ಷಿಸಿ

ಕಂಪ್ಯೂಟರಿಗೂ ಇಂಟರ್ನೆಟ್‌ಗೂ ನಡುವೆ ನಿಂತು ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ತಂತ್ರಾಂಶಕ್ಕೆ ಹಣ ಕೊಡುವ ಅಗತ್ಯ ಹೆಚ್ಚಿನ ಮನೆಗಳಿಗೆ ಇಲ್ಲ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಬಂದಾಗಿನಿಂದ ವಿಂಡೋಸ್‌ನಲ್ಲಿ ಫೈರ್‌ವಾಲ್ ತಾನಾಗಿಯೇ ಚಾಲೂ ಆಗಿರುತ್ತದೆ. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಇದ್ದರೂ ಅದನ್ನು ನಾವೇ ಚಾಲೂ ಮಾಡಬೇಕು. ಮ್ಯಾಕ್‌ನಲ್ಲಿಯೂ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದು ಅದು ಚಾಲೂ ಇದೆಯೇ ಎಂದು ನೋಡಿಕೊಳ್ಳಬೇಕು.

ವಿಂಡೋಸ್ ಬಳಸುವವರು ಮನೆಯ ವೈಫೈಯನ್ನು 'ಪ್ರೈವೇಟ್' ಎಂದೂ ಬಸ್ ನಿಲ್ದಾಣ, ಹೋಟೆಲುಗಳ ವೈಫೈಯನ್ನು 'ಪಬ್ಲಿಕ್' ಎಂದೂ ಗುರುತಿಸಿರಬೇಕು. ಹೊಸ ಪ್ರೋಗ್ರಾಂ ಒಂದು ಹೊರಗಿನ ಸಂಪರ್ಕಗಳನ್ನು ಸ್ವೀಕರಿಸಲು ಹೊರಟಾಗ ಅನುಮತಿ ಕೇಳುವ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಪ್ರೋಗ್ರಾಂನ ಹೆಸರು, ತಯಾರಕರು, ಫೈಲ್ ಇರುವ ಜಾಗ ಇವೆಲ್ಲವೂ ಇರುತ್ತವೆ. ಓದದೆ 'ಅಲೋ' (ಅನುಮತಿಸು) ಒತ್ತುವ ಅಭ್ಯಾಸದಿಂದಲೇ ಒಳ್ಳೆಯ ಫೈರ್‌ವಾಲ್ ಕೂಡ ನಿಷ್ಪ್ರಯೋಜಕವಾಗುತ್ತದೆ. ತಯಾರಕರ ಹೆಸರು ಗೊತ್ತಿಲ್ಲದಿದ್ದರೆ ಅಥವಾ ಫೈಲ್ 'ಟೆಂಪ್' (ತಾತ್ಕಾಲಿಕ ಫೈಲ್‌ಗಳ) ಫೋಲ್ಡರಿನಲ್ಲಿದ್ದರೆ, ಅನುಮತಿ ನಿರಾಕರಿಸಿ. ನಿಜವಾಗಿ ಬೇಕಾದ ಪ್ರೋಗ್ರಾಂ ಆಗಿದ್ದರೆ ಅನುಮತಿಯನ್ನು ಆಮೇಲೆ ಕೊಡಬಹುದು.

ಆದರೆ ವಿಂಡೋಸ್ ಫೈರ್‌ವಾಲ್ ಒಳಬರುವುದನ್ನು ತಡೆಯುವಷ್ಟು ಬಿಗಿಯಾಗಿ ಹೊರಹೋಗುವುದನ್ನು ತಡೆಯುವುದಿಲ್ಲ. ಯಾವ ಪ್ರೋಗ್ರಾಂ ಎಲ್ಲಿಗೆ ಮಾಹಿತಿ ಕಳಿಸುತ್ತಿದೆ ಎಂದು ತಿಳಿಯಬೇಕೆನ್ನುವವರಿಗೆ ಮಾತ್ರ ಬೇರೆ ತಂತ್ರಾಂಶ ಬೇಕಾಗುತ್ತದೆ. ವಿಂಡೋಸ್‌ಗೆ ಸಿಂಪಲ್‌ವಾಲ್, ಪೋರ್ಟ್‌ಮಾಸ್ಟರ್, ಮ್ಯಾಕ್‌ಗೆ ಲುಲು, ಲಿನಕ್ಸ್‌ಗೆ ಓಪನ್‌ಸ್ನಿಚ್ ಇವೆ. ಇವೆಲ್ಲವೂ ಉಚಿತವಾಗಿ ಸಿಗುತ್ತವೆ, ಇವುಗಳ ಮೂಲಸಂಕೇತವೂ ಮುಕ್ತವಾಗಿದೆ. ಆರಿಸುವಾಗ ಇತ್ತೀಚೆಗೆ ಅಪ್‌ಡೇಟ್ ಬಂದಿದೆಯೇ, ನಿಯಮಗಳನ್ನು ಬ್ಯಾಕಪ್ ಮಾಡಿಕೊಳ್ಳಲು ಬರುತ್ತದೆಯೇ ಎಂದು ನೋಡಿ; ಒಂದೇ ಕೆಲಸ ಮಾಡುವ ಎರಡು ತಂತ್ರಾಂಶಗಳನ್ನು ಒಟ್ಟಿಗೆ ಹಾಕಬೇಡಿ. ಮೊದಮೊದಲು ಪ್ರಶ್ನೆಗಳ ಮೇಲೆ ಪ್ರಶ್ನೆ ಬರುತ್ತವೆ, ತಾಳ್ಮೆ ಬೇಕು. ವಿಶೇಷವಾಗಿ ವಿಂಡೋಸ್‌ನ ಸ್ವಂತ ಸೇವೆಗಳನ್ನು ನಡೆಸುವ 'ಎಸ್‌ವಿಸಿಹೋಸ್ಟ್' (svchost) ಎಂಬ ಹೆಸರು ಕಂಡಾಗ ಅನುಮಾನಪಟ್ಟು ಪೂರ್ತಿ ತಡೆದುಬಿಟ್ಟರೆ ವಿಂಡೋಸ್ ಅಪ್‌ಡೇಟ್ ನಿಂತುಹೋಗುತ್ತದೆ, ಅದರಿಂದ ಆಗುವ ಅಪಾಯವೇ ದೊಡ್ಡದು.

ಬ್ರೌಸರ್ ಒಳಗೆ ನಡೆಯುವ ಜಾಡು ಹಿಡಿಯುವ ಕೆಲಸವನ್ನು ಸಾಮಾನ್ಯ ಫೈರ್‌ವಾಲ್ ಗುರುತಿಸಲಾರದು, ಏಕೆಂದರೆ ಬ್ಯಾಂಕಿನ ಪುಟವೂ ಜಾಹೀರಾತು ಕಂಪನಿಯ ಕೋರಿಕೆಯೂ ಸುರಕ್ಷಿತ ವೆಬ್ ಸಂಪರ್ಕದ ದಾರಿಯಾದ ಅದೇ 443ನೇ ಪೋರ್ಟಿನಲ್ಲಿ ಸಾಗುತ್ತವೆ. ಆದ್ದರಿಂದ ಫೈರ್‌ಫಾಕ್ಸ್‌ನಲ್ಲಿ ಇಂಥ ಕೋರಿಕೆಗಳನ್ನು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ಬಳಸದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕಿ. ವಿಂಡೋಸ್‌ನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ಐಡಿಯನ್ನೂ ಐಚ್ಛಿಕ ಡಯಾಗ್ನಾಸ್ಟಿಕ್ ಮಾಹಿತಿಯನ್ನೂ ಆಫ್ ಮಾಡಿ. ನಮ್ಮ ಇಂಟರ್ನೆಟ್ ಸಂಪರ್ಕವನ್ನು ಗೂಢಲಿಪಿಯಲ್ಲಿ ಬೇರೆ ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಖಾಸಗಿತನದ ಪೂರ್ಣ ಭರವಸೆಯಲ್ಲ: ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಸೇವೆ ನೀಡುವವರು ಗ್ರಾಹಕರ ವಿವರಗಳನ್ನು ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು.

ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡಿ ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರನ್ನು ಯಾವ ಫೈರ್‌ವಾಲೂ ತಡೆಯುವುದಿಲ್ಲ, ಬಾಗಿಲು ತೆರೆದವರು ನಾವೇ ಆಗಿರುತ್ತೇವೆ. ಅಂಥ ಆ್ಯಪ್ ಹಾಕಿದ್ದರೆ ಕೂಡಲೇ ಇಂಟರ್ನೆಟ್ ಸಂಪರ್ಕ ಕಡಿದು, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.