ಪೂರ್ಣಗಾತ್ರದ ಪಿಕಪ್ ಟ್ರಕ್: ಎಂಜಿನ್ ಮತ್ತು ಗೇರ್ ಅನುಪಾತವನ್ನು ಹೋಲಿಸುವ ಬಗೆ

ಅಮೆರಿಕದಲ್ಲಿ ಟ್ರೇಲರ್ ಎಳೆಯಲು ಪಿಕಪ್ ಕೊಳ್ಳುವವರು ಅಶ್ವಶಕ್ತಿಯ ಅಂಕಿಯೊಂದನ್ನೇ ನೋಡಿ ನಿರ್ಧರಿಸಬಾರದು. 2021ರ ಫೋರ್ಡ್ ಎಫ್-150ರಲ್ಲಿ 3.5 ಲೀಟರಿನ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ವಿ6 ಎಂಜಿನ್ ಮತ್ತು 5.0 ಲೀಟರಿನ, ಟರ್ಬೊ ಇಲ್ಲದ ವಿ8 ಎಂಜಿನ್ ಎರಡೂ 400 ಅಶ್ವಶಕ್ತಿಯವೇ; ಆದರೆ ಮೊದಲನೆಯದು 3,100 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) 500 ಪೌಂಡ್-ಅಡಿ ಟಾರ್ಕ್ (ತಿರುಚುವ ಬಲ) ಕೊಟ್ಟರೆ, ಎರಡನೆಯದು 410 ಪೌಂಡ್-ಅಡಿ ಕೊಡಲು 4,250ರವರೆಗೆ ಏರಬೇಕು. ಕೊಲೊರಾಡೊದಂತಹ ಎತ್ತರದ ಸೀಮೆಯಲ್ಲಿ ಗಾಳಿ ತೆಳುವಾಗಿರುವುದರಿಂದ ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ ಈ ಅಂತರ ಇನ್ನೂ ಹಿಗ್ಗುತ್ತದೆ.

ಅನಂತರ, ಹೊರಡುವಾಗಿನ ಎಳೆತವನ್ನು ಹೋಲಿಸಲು, ಮೊದಲ ಗೇರಿನ ಅನುಪಾತವನ್ನು ಆಕ್ಸಲ್ ಅನುಪಾತದಿಂದ (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ದಂಡ ಎಷ್ಟು ಸುತ್ತಬೇಕೆಂಬ ಅಂಕಿ) ಗುಣಿಸಿ. ಹಳೆಯ ಆರು ಗೇರಿನ ಎಫ್-150ರಲ್ಲಿ 4.17ನ್ನು 3.73ರಿಂದ ಗುಣಿಸಿದರೆ 15.55 ಬರುತ್ತದೆ, ಹತ್ತು ಗೇರಿನದರಲ್ಲಿ 4.69ನ್ನು 3.55ರಿಂದ ಗುಣಿಸಿದರೆ 16.65. ಆಕ್ಸಲ್ ಅಂಕಿ ಚಿಕ್ಕದಾದರೂ ಹೊರಡುವಾಗಿನ ಎಳೆತ ಹೊಸದರಲ್ಲೇ ಹೆಚ್ಚು, ಆದ್ದರಿಂದ 3.73 ಇಲ್ಲದ ಟ್ರಕ್ಕೇ ಬೇಡವೆನ್ನುವ ಹಳಬರ ಹಟಕ್ಕೆ ಈಗ ಅಷ್ಟು ಆಧಾರವಿಲ್ಲ.

ಹೆದ್ದಾರಿಯ ಆರ್‌ಪಿಎಂ ತಿಳಿಯಲು ಗಂಟೆಗೆ ಮೈಲಿ ಲೆಕ್ಕದ ವೇಗ, ಕೊನೆಯ ಗೇರಿನ ಅನುಪಾತ, ಆಕ್ಸಲ್ ಅನುಪಾತ ಮತ್ತು 336ನ್ನು ಗುಣಿಸಿ, ಟೈರಿನ ಅಂಗುಲ ವ್ಯಾಸದಿಂದ ಭಾಗಿಸಿ. 65 ಮೈಲಿ ವೇಗ, 0.64 ಗೇರ್, 3.55 ಆಕ್ಸಲ್, 32 ಅಂಗುಲದ ಟೈರಿಗೆ ಸುಮಾರು 1,550 ಬರುತ್ತದೆ. ಅಂದಕ್ಕೆಂದು 35 ಅಂಗುಲದ ಟೈರ್ ಹಾಕಿಸಿದರೆ ಅದೇ 3.55 ಆಕ್ಸಲ್ 3.25ರಂತೆ ವರ್ತಿಸುತ್ತದೆ, ಎಂದರೆ ಎಳೆತ ಕುಗ್ಗುತ್ತದೆ.